ಅಕ್ಕನ ಮಾತು, ನನ್ನ ಬಾಯಿ

ಹಂಡೆ ತಿಕ್ಕುವವನಿಗೆ ಒಂದು ತೊಂದರೆ ಇದೆ. ಚೆನ್ನಾಗಿ ತಿಕ್ಕಿದಷ್ಟೂ ಅದರಲ್ಲಿ ಅವನ ಮುಖವೇ ಕಾಣತೊಡಗುತ್ತದೆ. ನಮ್ಮ ಮನೆಯ ತಾಮ್ರದ ಹಂಡೆಯ ಹೊಟ್ಟೆಯ ಮೇಲೆ ನನ್ನ ಮುಖ ಕುಂಬಳಕಾಯಿಯಂತೆ ಅಡ್ಡಡ್ಡ ಹಿಗ್ಗಿ, ಮೂಗು ಕಿವಿಯ ತನಕ ಹರಡಿಕೊಂಡಿರುತ್ತದೆ. ಮೊದಲೆಲ್ಲ ನೋಡಿ ನಗುತ್ತಿದ್ದೆ. ಈಗ ಬೇಗ ಒಂದು ತಂಬಿಗೆ ನೀರು ಸುರಿದು ಹಂಡೆಯನ್ನು ಬೋರಲು ಹಾಕಿಬಿಡುತ್ತೇನೆ. ಯಾಕೆಂದು ಹೇಳಬೇಕೆಂದೇ ಕೂತಿದ್ದೇನೆ. ಆದರೆ ನೇರವಾಗಿ ಹೇಳುವ ಧೈರ್ಯ ನನಗಿಲ್ಲ. ಸುತ್ತಿ ಬಳಸಿ ಬರುತ್ತೇನೆ, ನೀವು ಬೇಸರಿಸದೆ ಜೊತೆಗೆ ಬರಬೇಕು.

ನಮ್ಮದು ಏಕಸಂಬಿಗೆ ಹತ್ತಿರದ ಒಂದು ಹಳ್ಳಿ. ಊರ ಸುತ್ತ ಕಬ್ಬು. ಊರ ಒಂದು ಬದಿಗೆ ಕ್ರೈಸ್ತರಾದ ನಮ್ಮ ಕೆಲವು ಮನೆಗಳು, ಅವುಗಳ ನಡುವೆ ತಗಡು ಹೊದಿಸಿದ ಒಂದು ಸಣ್ಣ ದೇವಾಲಯ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಐದನೆಯದಕ್ಕೂ ಹೋಗುತ್ತಿದ್ದೆ ಎಂದು ಮನೆಯವರು ನಂಬಿದ್ದರು. ನಾನು ಹೋಗುತ್ತಿದ್ದದ್ದು ಶಾಲೆಯ ಹಿಂದಿನ ಕಬ್ಬಿನ ಹೊಲಕ್ಕೆ. ಅಲ್ಲಿ ಕಬ್ಬು ತಿಂದು, ಬಾಯಿ ಒರೆಸಿಕೊಂಡು, ಗಂಟೆ ಹೊಡೆದಾಗ ಎಲ್ಲರ ಜೊತೆ ಮನೆಗೆ ಬರುತ್ತಿದ್ದೆ. ಆ ಕಬ್ಬೇ ಮುಂದೆ ನನ್ನ ಕೈ ಹಿಡಿಯಿತು. ಬಹಳ ವರ್ಷ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸಿದೆ. ಓದು ಬರಹ ಪೂರ್ತಿ ಮರೆಯದೆ ಉಳಿದದ್ದು ಅಕ್ಕನ ದೆಸೆಯಿಂದ. ಸಂಜೆ ಒಲೆಯ ಮುಂದೆ ಕೂಡಿಸಿಕೊಂಡು, ಬೂದಿ ಹರಡಿ, ಅದರ ಮೇಲೆ ಬೆರಳಿನಿಂದ ಬರೆಸುತ್ತಿದ್ದಳು. ತಪ್ಪಾದರೆ ಊದಿಬಿಡುತ್ತಿದ್ದಳು. ಬೂದಿ ನನ್ನ ಕಣ್ಣಿಗೇ ಬರುತ್ತಿತ್ತು.

ಅಕ್ಕನ ಹೆಸರು ರೂತ್. ಅವ್ವ ತೀರಿಕೊಂಡಾಗ ನಾನು ಆಗಷ್ಟೇ ನಡೆಯಲು ಕಲಿತಿದ್ದೆನಂತೆ. ಅಕ್ಕ ಇನ್ನೂ ಲಂಗ ಉಡುವ ಹುಡುಗಿ. ಅಪ್ಪ ದುಡಿಯಲು ಹೋದರೆ ನನ್ನನ್ನು ಟೊಂಕದ ಮೇಲೆ ಹೊತ್ತುಕೊಂಡೇ ಆಕೆ ನೀರು ತಂದಳು, ಬೀಸಿದಳು, ಸಾರಿಸಿದಳು. ಆಕೆಯ ಮದುವೆಯ ಮಾತು ಎತ್ತಿದವರಿಗೆಲ್ಲ, ದಾನ್ಯಾ ಒಂದು ದಡ ಹತ್ತಲಿ, ಆಮೇಲೆ ನೋಡೋಣ ಎನ್ನುತ್ತಿದ್ದಳಂತೆ. ದಾನ್ಯಾ ಎಂದರೆ ನಾನೇ, ದಾನಿಯೇಲ. ದಾನ್ಯಾ ದಡ ಹತ್ತುವುದರೊಳಗೆ ಆಕೆಯ ಕೂದಲು ಬೆಳ್ಳಗಾಗಿತ್ತು. ನನ್ನ ಮದುವೆಯಾಯಿತು. ಹೆಂಡತಿ ಬಹಳ ದಿನ ಬಾಳಲಿಲ್ಲ, ಮಕ್ಕಳೂ ಆಗಲಿಲ್ಲ. ಮತ್ತೆ ಮನೆಯಲ್ಲಿ ನಾವಿಬ್ಬರೇ ಉಳಿದೆವು.

ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಅಡುಗೆಯ ಹೊತ್ತನ್ನೆಲ್ಲ ಅಕ್ಕ ಪ್ರಾರ್ಥನೆಯಿಂದ ಅಳೆಯುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಹಾಕಿದರೆ ಒಂದು ಮಗ್ಗುಲಿಗೆ ಒಂದು ಕರ್ತನ ಪ್ರಾರ್ಥನೆ. ಆಮೆನ್ ಎಂದ ಕೂಡಲೇ ತಿರುವಿ ಹಾಕಬೇಕು. ಅನ್ನಕ್ಕೆ ಅದಕ್ಕಿಂತ ಉದ್ದದ ವಿಶ್ವಾಸ ಪ್ರಮಾಣ, ಅದೂ ನಿಧಾನವಾಗಿ, ಹತ್ತು ಸಲ. ಅಕ್ಕ ನೀರಿಗೆ ಹೋದಾಗ ರೊಟ್ಟಿ ನೋಡಿಕೊಳ್ಳುವ ಕೆಲಸ ನನ್ನದು. ಹೊಟ್ಟೆ ಹಸಿದವನ ಪ್ರಾರ್ಥನೆ ಎಷ್ಟು ವೇಗವಾಗಿ ಹೋಗುತ್ತದೆ ಎಂದು ನಿಮಗೆ ಗೊತ್ತಲ್ಲ. ಆಕೆ ಬಂದು ನೋಡಿದರೆ ರೊಟ್ಟಿ ಹಸಿಹಸಿ. "ನೀ ಓಡಿಕೋತ ಪ್ರಾರ್ಥನಾ ಮಾಡಿದ್ರ ದೇವ್ರು ಕೇಳ್ಯಾನು. ರೊಟ್ಟಿ ಕೇಳಂಗಿಲ್ಲಲೇ" ಎಂದು ಅದೇ ಹಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕುತ್ತಿದ್ದಳು.

ಮನೆಗೆಲಸದ ಬಗ್ಗೆ ಅಕ್ಕನಿಗೆ ಒಂದು ನಂಬಿಕೆ ಇತ್ತು. ಕಸ ಗುಡಿಸಿದರೆ ಕರ್ತ ಈಗ ಒಳಗೆ ಬರುತ್ತಾನೆಂದೇ ಗುಡಿಸಬೇಕು, ತಂಬಿಗೆ ತೊಳೆದರೆ ಅವನೇ ಅದರಲ್ಲಿ ನೀರು ಕುಡಿಯುತ್ತಾನೆಂದು ತೊಳೆಯಬೇಕು. ಇದನ್ನು ಹೇಳುವಾಗ ಆಕೆಯ ಮುಖ ತವರಿನಿಂದ ಯಾರೋ ಬರುತ್ತಾರೆಂದು ಕಾಯುವವಳಂತೆ ಅರಳುತ್ತಿತ್ತು. ನನಗೆ ಮಾತ್ರ ಅದನ್ನು ಕೇಳಿದಾಗೆಲ್ಲ ಎದೆ ಢವಢವ ಎನ್ನುತ್ತಿತ್ತು. ನಮ್ಮ ಶಾಲೆಗೆ ಚಿಕ್ಕೋಡಿಯಿಂದ ಸಾಹೇಬರು ತಪಾಸಣೆಗೆ ಬರುವುದನ್ನು ನೋಡಿದ್ದವನು ನಾನು. ಕರ್ತನೂ ಹಾಗೆಯೇ ಒಂದು ದಿನ ಜೀಪಿನಿಂದ ಇಳಿದು, ಬಾಗಿಲ ಹಿಂದೆ ಇಣುಕಿ, ಯಾವ ತಂಬಿಗೆ ಕೊಳೆ ಇದೆ ಎಂದು ಕೇಳುತ್ತಾನೆಂದೇ ತಿಳಿದಿದ್ದೆ. ಅದಕ್ಕೇ ಎದುರಿಗೆ ಕಾಣುವ ಪಾತ್ರೆಗಳನ್ನು ಫಳಫಳ ತಿಕ್ಕುತ್ತಿದ್ದೆ. ತಿಕ್ಕದೆ ಉಳಿದದ್ದನ್ನು ಜೋಳದ ಕಣಜದ ಹಿಂದೆ ಸರಿಸಿಬಿಡುತ್ತಿದ್ದೆ. ಒಂದೇ ಮನೆಯಲ್ಲಿ, ಒಂದೇ ಬೂದಿಯಿಂದ, ಆಕೆ ಪ್ರೀತಿಯಿಂದ ತಿಕ್ಕಿದಳು, ನಾನು ಅಂಜಿಕೆಯಿಂದ ತಿಕ್ಕಿದೆ. ಕೆಲಸ ನೋಡಿದವರಿಗೆ ಎರಡೂ ಒಂದೇ ತರಹ ಹೊಳೆಯುತ್ತಿದ್ದವು.

ಕಳೆದ ಬೇಸಿಗೆಯಲ್ಲಿ ಅಕ್ಕ ಅಂಗಳ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ಕುಸಿದಳು. ಮಿರಜದ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು. ಬಲಗೈ ಬಲಗಾಲು ಹೋದವು. ಮಾತು ಪೂರ್ತಿ ಹೋಗಲಿಲ್ಲ, ಆದರೆ ಬಾಯಿಯಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡು ಮಾತಾಡಿದ ಹಾಗೆ ಬರುತ್ತಿತ್ತು. ಅದು ನನ್ನೊಬ್ಬನಿಗೆ ತಿಳಿಯುತ್ತಿತ್ತು. ಬಂದವರೆಲ್ಲ ಆಕೆಯ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, ಏನಂತಾಳ ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ನನ್ನ ಬಾಯಿಂದ ಬಂದದ್ದೇ ಅಕ್ಕನ ಮಾತಾಯಿತು.

ಆಸ್ಪತ್ರೆಯ ನರ್ಸ್ ಮನೆಗೆ ಕಳಿಸುವಾಗ ಎಲ್ಲ ವಿವರಿಸಿದ್ದಳು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು ದಿನಾ ನೋಡಬೇಕು, ಎಲ್ಲಾದರೂ ಕೆಂಪಾಗಿದ್ದರೆ ಕೂಡಲೇ ಬರಬೇಕು. ನಾನು ಎಲ್ಲದಕ್ಕೂ ಹೌದ್ರಿ ಎಂದೆ. ಹೌದ್ರಿ ಅನ್ನುವುದರಲ್ಲಿ ನನ್ನಷ್ಟು ಚುರುಕು ಯಾರೂ ಇಲ್ಲ.

ಟ್ರ್ಯಾಕ್ಟರ್ ಬಿಟ್ಟೆ, ಅಡುಗೆಮನೆ ಹೊಕ್ಕೆ. ಚಹಾದ ಅಂಗಡಿಯ ಗೆಳೆಯರು ನನ್ನನ್ನು ದಾನವ್ವಾ ಎಂದು ಕರೆಯತೊಡಗಿದರು. ಇವತ್ತ ಏನ ಪಲ್ಲೆ ಮಾಡಿದಿ ದಾನವ್ವಾ ಎಂದರೆ ನಾನೂ ಬಿಡದೆ ಉತ್ತರ ಕೊಡುತ್ತಿದ್ದೆ. ಅಕ್ಕನಿಗೆ ಮೈ ತೊಳೆಸಿ ಸೀರೆ ಬದಲಿಸುವ ಕೆಲಸವನ್ನು ಗೋಡೆಯಾಚೆಯ ಶಹನಾಜ ವಹಿಸಿಕೊಂಡಳು. ಆಕೆಯ ಗಂಡನದು ಗಾದಿ ತುಂಬುವ ಅಂಗಡಿ. ಅಕ್ಕನಿಗೆ ಮೆತ್ತನೆಯ ಗಾದಿ ಕೊಟ್ಟವನೂ ಅವನೇ. ಶಹನಾಜಳಿಗೆ ಅಕ್ಕನ ಮಾತು ತಿಳಿಯುತ್ತಿರಲಿಲ್ಲ. ಕೈಸನ್ನೆಯಲ್ಲಿ ಇಬ್ಬರೂ ಏನೋ ಮಾಡಿಕೊಂಡು ನಗುತ್ತಿದ್ದರು.

ಇಷ್ಟರಲ್ಲಿ ಶಹನಾಜಳ ಮಗಳಿಗೆ ದಿನ ತುಂಬಿತು. ಮಗಳ ಬಾಣಂತನ ಮಾಡಲು ಶಹನಾಜ ನಿಪ್ಪಾಣಿಗೆ ಹೊರಟಳು. ಹೋಗುವಾಗ, ಅಣ್ಣ ಎನ್ನುವುದಕ್ಕೆ ಭಾವು ಎನ್ನುವ ಆಕೆ ನನ್ನನ್ನು ಕರೆದು, "ಭಾವು, ನಾಚಿಕಿ ಮಾಡಬ್ಯಾಡ. ಆಕಿ ನಿನ್ನ ಹೇಲು ಉಚ್ಚಿ ಬಳದಾಕಿ" ಎಂದಳು. ನಾನು ಹೌದವ್ವ ಎಂದೆ.

ಆದರೆ ನಾಚಿಕೆ ಮಾಡಿದೆ. ಹಾಸಿಗೆ ಬಟ್ಟೆ ಬದಲಿಸುವಾಗ ಗೋಡೆಯ ಕಡೆ ಮುಖ ಮಾಡಿ, ಕೈತಡವಿ ಬದಲಿಸುತ್ತಿದ್ದೆ. ಅದನ್ನು ದೊಡ್ಡ ಮರ್ಯಾದೆ ಎಂದುಕೊಂಡಿದ್ದೆ. ಮಗ್ಗುಲು ಬದಲಿಸಿದರೆ ಅಕ್ಕ ನರಳುತ್ತಿದ್ದಳು. ಆ ನರಳಾಟ ಕೇಳಲಾರದೆ ಮಧ್ಯಾಹ್ನದ ಒಂದು ಸಲ ಬಿಟ್ಟೆ, ಆಮೇಲೆ ಸಂಜೆಯದನ್ನೂ ಬಿಟ್ಟೆ. ಅದನ್ನು ಕರುಣೆ ಎಂದುಕೊಂಡೆ. ಆ ಹೊತ್ತಿನಲ್ಲಿ ಹಂಡೆ ತಿಕ್ಕುತ್ತಿದ್ದೆ. ಹಂಡೆ ನರಳುವುದಿಲ್ಲ.

ಅದೇ ವಾರದ ಐತವಾರ ನಮ್ಮ ಪಾಸ್ಟರು ಉಪದೇಶದಲ್ಲಿ ನನ್ನ ಹೆಸರು ತೆಗೆದರು. ಮುಸುರೆ ತಿಕ್ಕುವುದೂ ಆರಾಧನೆಯೇ, ಅಡುಗೆಮನೆಯೂ ದೇವರ ಸನ್ನಿಧಿಯೇ, ನಂಬದವರು ಹೋಗಿ ದಾನಿಯೇಲಣ್ಣನ ಮನೆ ನೋಡಿ ಬನ್ನಿ ಎಂದರು. ಹೆಣ್ಣುಮಕ್ಕಳೆಲ್ಲ ತಿರುಗಿ ನನ್ನನ್ನು ನೋಡಿದರು. ನನಗೆ ಹೊಗಳಿಕೆಯ ರೂಢಿ ಇಲ್ಲ. ಹೊಸ ಚಪ್ಪಲಿಯಂತೆ ಕಚ್ಚಿತು, ಆದರೂ ಬಿಚ್ಚಲು ಮನಸ್ಸಾಗಲಿಲ್ಲ. ಬರುವ ಐತವಾರ ಸಂಜೆಯ ಪ್ರಾರ್ಥನೆಯನ್ನು ನಮ್ಮ ಮನೆಯಲ್ಲೇ ಇಡುವುದೆಂದು ಆಯಿತು.

ಮನೆಗೆ ಬಂದು ಹಾಸಿಗೆ ಬಟ್ಟೆ ಎಳೆದೆ. ಅರಿಷಿಣದ ನೀರಿನಂತಹ ಒಂದು ಕಲೆ ಕಂಡಿತು. ಅವತ್ತು ಗೋಡೆ ನೋಡಲಿಲ್ಲ, ಬೆನ್ನು ನೋಡಿದೆ. ಟೊಂಕದ ಕೆಳಗೆ ಒಂದು ಕಡೆ ಕಪ್ಪಾಗಿತ್ತು. ಅಥಣಿಯ ತೋಟಗಳಲ್ಲಿ ಹೆಚ್ಚು ಹಣ್ಣಾದ ದ್ರಾಕ್ಷಿಯನ್ನು ಮುಟ್ಟಿದರೆ ಸಿಪ್ಪೆ ಜಾರುತ್ತದಲ್ಲ, ಅಲ್ಲಿನ ಚರ್ಮ ಹಾಗೆ ಜಾರಿತ್ತು. ನರ್ಸ್ ಹೇಳಿದ್ದು ನೆನಪಾಯಿತು, ಕೂಡಲೇ ಬರಬೇಕು. ಆದರೆ ಗಾಡಿ ಮಾಡಿಕೊಂಡು ಮಿರಜಕ್ಕೆ ಹೊರಟರೆ ಓಣಿಯೆಲ್ಲ ಯಾಕೆಂದು ಕೇಳುತ್ತದೆ. ಅಂದೇ ಮುಂಜಾನೆ ಹೊಗಳಿಸಿಕೊಂಡು ಬಂದ ಬಾಯಿಂದ ಏನು ಹೇಳಲಿ? ಮಕ್ಕಳಿಗೆ ಹಚ್ಚುವ ಪೌಡರ್ ತಂದು ಗಾಯದ ಮೇಲೆ ಉದುರಿಸಿದೆ. ನಾಲ್ಕು ದಿನದಲ್ಲಿ ಒಣಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕ ಎಡಗೈಯಿಂದ ನನ್ನ ಅಂಗಿ ಹಿಡಿದು ಏನೋ ಕೇಳಿದಳು. ಏನಿಲ್ಲ, ಬೆವರುಸಾಲೆ ಎಂದೆ.

ಆ ವಾರವೆಲ್ಲ ಮನೆ ತಿಕ್ಕಿದೆ ನೋಡಿ. ನೆಲ ಸಾರಿಸಿದೆ, ಜೇಡರ ಬಲೆ ತೆಗೆದೆ, ಹುಣಸೆಹಣ್ಣು ಹಾಕಿ ತಾಮ್ರ ಬೆಳಗಿದೆ. ಒಂದೊಂದು ಪಾತ್ರೆಗೂ ಪ್ರಾರ್ಥನೆ ಹೇಳಿದೆ. ಅಕ್ಕನ ಬೆನ್ನಿನ ಹತ್ತಿರ ಹೋಗುವಾಗ ಮಾತ್ರ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ.

ಐತವಾರ ಸಂಜೆ ಎಲ್ಲರೂ ಬಂದರು. ಹಂಡೆಯಲ್ಲಿ ಮುಖ ನೋಡಿಕೊಂಡು ಹೆಂಗಸರು ಸೆರಗು ಸರಿಮಾಡಿಕೊಂಡರು. ಅಕ್ಕನಿಗೆ ಬಿಳಿ ಚಾದರ ಹೊದಿಸಿದ್ದೆ. ಹಾಡು ಮುಗಿದ ಮೇಲೆ ಪಾಸ್ಟರು ಹಾಸಿಗೆಯ ಹತ್ತಿರ ಬಂದು ಬಗ್ಗಿ, ಹೆಂಗ ಅದೀರಿ ಅಕ್ಕಾರ ಎಂದು ಕೇಳಿದರು. ಅಕ್ಕ ಬಾಯಿ ತೆರೆದಳು. ಬಹಳ ಹೊತ್ತು ಹಿಡಿಯಿತು. ಎರಡೇ ಶಬ್ದ. ನನಗೆ ಸ್ಪಷ್ಟವಾಗಿ ಕೇಳಿಸಿತು, "ಬೆನ್ನ ನೋಡ್ರಿ."

ಪಾಸ್ಟರು ರೂಢಿಯಂತೆ ನನ್ನ ಕಡೆ ತಿರುಗಿದರು. "ಏನಂತಾರ?"

"ಪ್ರಾರ್ಥನಾ ಮಾಡ್ರಿ ಅಂತಾಳ್ರಿ" ಎಂದೆ.

ಎಲ್ಲರೂ ತಲೆ ಬಗ್ಗಿಸಿ ಕಣ್ಣು ಮುಚ್ಚಿದರು. ಪಾಸ್ಟರು ಬಹಳ ಚಂದ ಪ್ರಾರ್ಥನೆ ಮಾಡಿದರು. ಇಂಥ ತಮ್ಮನನ್ನು ಕೊಟ್ಟದ್ದಕ್ಕೆ ಸ್ತೋತ್ರ ಎಂದರು. ನಾನು ನಡುವೆ ಕಣ್ಣು ತೆರೆದೆ. ಆ ಕೋಣೆಯಲ್ಲಿ ಕಣ್ಣು ತೆರೆದಿದ್ದವರು ಇಬ್ಬರೇ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ತನ್ನ ಬಾಯಿ ಯಾರ ಕೈಯಲ್ಲಿದೆ ಎಂದು ಆಗಷ್ಟೇ ಗೊತ್ತಾದವಳ ಹೆದರಿಕೆ ಇತ್ತು. ಆಕೆಯ ಮುಖದಲ್ಲಿ ನನ್ನ ಬಗೆಗಿನ ಹೆದರಿಕೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅವತ್ತಿನಿಂದ ಅಕ್ಕ ಮಾತು ಬಿಟ್ಟಳು. ಅಂಬಲಿ ಕುಡಿಸಿದರೆ ಕುಡಿದಳು, ನೀರು ಕೊಟ್ಟರೆ ಕುಡಿದಳು. ಮೈ ಬೆಚ್ಚಗಾಗತೊಡಗಿತು. ಕೋಣೆಯಲ್ಲಿ ಒಂದು ವಾಸನೆ ಬರತೊಡಗಿತು. ನಾನು ಅದಕ್ಕೂ ಒಂದು ಉಪಾಯ ಹುಡುಕಿದೆ. ಊದಿನಕಡ್ಡಿ. ಕ್ರೈಸ್ತರಾದ ನಮ್ಮ ಮನೆಗಳಲ್ಲಿ ಊದಿನಕಡ್ಡಿ ಹಚ್ಚುವುದಿಲ್ಲ, ಗೊತ್ತಲ್ಲ. ಊರ ಅಂಗಡಿಯಲ್ಲಿ ಕೊಂಡರೆ ಸುದ್ದಿಯಾಗುತ್ತದೆಂದು ಏಕಸಂಬಿಗೆ ಹೋದೆ. ಅಲ್ಲಿಯ ಅಂಗಡಿಯವನಿಗೂ ನನ್ನ ಗುರುತಿತ್ತು. ಏನೋ ದಾನ್ಯಾ, ಪಾರ್ಟಿ ಬದಲ ಮಾಡಿದ್ಯೇನ ಎಂದು ನಕ್ಕ. ನಾನೂ ನಕ್ಕೆ. ಬರುವಾಗ ದಾರಿಯಲ್ಲಿ ಸೈಕಲ್ಲು ನಿಲ್ಲಿಸಿ ಕಬ್ಬಿನ ಬದುವಿನ ಮೇಲೆ ಕೂತುಬಿಟ್ಟೆ. ಮನೆಗೆ ಹೋದರೆ ಅಕ್ಕ ಉಸಿರು ನಿಲ್ಲಿಸಿದ್ದರೆ? ಆಗ ಮೈ ತೊಳೆಯಲು ಬಂದ ಹೆಂಗಸರು ಆಕೆಯನ್ನು ಮಗುಚುತ್ತಾರೆ. ನನಗೆ ಮೊದಲು ಬಂದ ಯೋಚನೆ ಇದೇ. ಅಕ್ಕ ಸಾಯುತ್ತಾಳೆ ಎಂಬುದಕ್ಕಿಂತ ಮೊದಲು, ಬೆನ್ನು ಎಲ್ಲರಿಗೂ ಕಾಣುತ್ತದೆ ಎಂಬ ಯೋಚನೆ ಬಂತು. ನನ್ನೊಳಗೆ ಎಂಥವನು ಕೂತಿದ್ದಾನೆಂದು ನನಗೇ ಭಯವಾಯಿತು. ಎದ್ದು ಸೈಕಲ್ಲು ತುಳಿದೆ.

ಮನೆಗೆ ಬಂದು ಕಡ್ಡಿ ಹಚ್ಚಿ ಗೋಡೆಯ ಸಂದಿಗೆ ಸಿಕ್ಕಿಸುವಷ್ಟರಲ್ಲಿ ಹೊರಗೆ ಶಹನಾಜಳ ದನಿ ಕೇಳಿತು. ನಿಪ್ಪಾಣಿಯಿಂದ ಬಂದ ಬಸ್ಸಿನಿಂದ ಇಳಿದು ನೇರ ನಮ್ಮ ಮನೆಗೇ ಬಂದಿದ್ದಳು, ಮೊಮ್ಮಗ ಹುಟ್ಟಿದ ಪೇಢಾ ಹಿಡಿದುಕೊಂಡು. ಬಾಗಿಲಲ್ಲೇ ನಿಂತಳು. ಮೂಗು ಅರಳಿಸಿದಳು.

"ಭಾವು, ನಿಮ್ಮ ಮನ್ಯಾಗ ಊದಿನಕಡ್ಡಿ ಯಾಕ?"

ನಾನು ಏನು ಹೇಳಿದೆನೋ ನೆನಪಿಲ್ಲ. ಸೊಳ್ಳೆ ಎಂದಿರಬೇಕು. ಆಕೆ ಒಳಗೆ ಬಂದು ಅಕ್ಕನ ಹಣೆ ಮುಟ್ಟಿದಳು. ಅಕ್ಕ ಕಣ್ಣು ತೆರೆದಳು. ಅಷ್ಟು ದಿನ ಬಿಗಿದಿದ್ದ ಬಾಯಿ ತೆರೆದಳು. ಮತ್ತೆ ಅವೇ ಎರಡು ಶಬ್ದ, ಇನ್ನಷ್ಟು ಕ್ಷೀಣವಾಗಿ. ಶಹನಾಜ ಕಿವಿ ಹತ್ತಿರ ಒಯ್ದಳು. ತಿಳಿಯಲಿಲ್ಲ. ನನ್ನನ್ನು ನೋಡಿದಳು.

"ಏನಂತಾಳ ನಿಮ್ಮಕ್ಕ?"

ಅಕ್ಕ ನನ್ನ ಕಡೆ ನೋಡಲಿಲ್ಲ. ಸೂರಿನ ಕಡೆ ನೋಡುತ್ತಿದ್ದಳು. ನಾನು ಏನು ಹೇಳುತ್ತೇನೆಂದು ಆಕೆಗೆ ಮೊದಲೇ ಗೊತ್ತು ಎಂಬಂತೆ. ಆ ಸೂರು ನೋಡುವ ಕಣ್ಣು ನನ್ನನ್ನು ಸೋಲಿಸಿತು. ಸೊಳ್ಳೆ ಎಂದ ನಾಲಿಗೆ ಇನ್ನೊಂದು ಸುಳ್ಳಿಗೆ ಸಿದ್ಧವಾಗಿಯೇ ಇತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದೆ:

"ಬೆನ್ನ ನೋಡ ಅಂತಾಳ. ಮೊನ್ನಿ ಪಾಸ್ಟರ ಮುಂದನೂ ಇದನ್ನ ಅಂದಿದ್ಳು. ನಾ ಸುಳ್ಳ ಹೇಳಿದ್ನಿ."

ಶಹನಾಜ ಚಾದರ ಸರಿಸಿದಳು. ನಾನು ರೂಢಿಯಂತೆ ಹೊರಗೆ ಹೊರಟೆ. "ಎಲ್ಲಿ ಹೊಂಟಿ? ಇಲ್ಲೇ ನಿಂದ್ರ. ನೋಡ" ಎಂದಳು. ನಿಂತೆ, ನೋಡಿದೆ. ಪೌಡರ್ ಗಾಯದೊಳಗೆ ಸುಣ್ಣದಂತೆ ಗಟ್ಟಿಯಾಗಿತ್ತು. ಒಳಗೆ ಎಷ್ಟು ಆಳವಿದೆ ಎಂದು ಹೇಳಲಾರೆ. ಶಹನಾಜ ಯಾ ಅಲ್ಲಾ ಎಂದು ತನ್ನಷ್ಟಕ್ಕೆ ಅಂದಳು, ನನಗೆ ಒಂದು ಮಾತೂ ಬೈಯಲಿಲ್ಲ. ಗಂಡನ ಗಾದಿ ಸಾಗಿಸುವ ಗಾಡಿ ತರಿಸಿ, ಅದರಲ್ಲೇ ಅಕ್ಕನನ್ನು ಮಿರಜಕ್ಕೆ ಒಯ್ದೆವು. ಪೇಢಾದ ಪೊಟ್ಟಣ ಹಾಸಿಗೆಯ ಪಕ್ಕವೇ ಉಳಿಯಿತು, ಇರುವೆ ಮುತ್ತಿದವು.

ಡಾಕ್ಟರು ಸತ್ತ ಮಾಂಸ ಕತ್ತರಿಸಿ ತೆಗೆದರು. ಯಾವಾಗ ಮೊದಲು ನೋಡಿದಿ ಎಂದು ಕೇಳಿದರು, ಹೇಳಿದೆ. ಏನು ಹಚ್ಚಿದಿ ಎಂದು ಕೇಳಿದರು, ಹೇಳಿದೆ. ಅವರು ನನ್ನನ್ನು ಒಂದು ಸಲ ನೋಡಿ ಮತ್ತೆ ಗಾಯದ ಕಡೆ ತಿರುಗಿದರು. ನಂಜು ರಕ್ತಕ್ಕೆ ಇಳಿದಿಲ್ಲ, ಇಳಿಯುವುದಿಲ್ಲ ಎಂದು ಹೇಳಲಾರೆ, ತುಂಬಿಕೊಳ್ಳಲು ತಿಂಗಳುಗಳು ಬೇಕು ಎಂದರು. ಪಾಸ್ಟರಿಗೂ ನಾನೇ ಹೋಗಿ ತಿಳಿಸಿದೆ. ಮುಂದಿನ ಐತವಾರ ಅದನ್ನೇ ಉಪದೇಶ ಮಾಡಿಬಿಡುತ್ತಾರೆಂದು ಅಂಜಿದ್ದೆ. ಅವರು, "ನಾವೂ ಅಷ್ಟ ಮಂದಿ ಕಣ್ಣ ಮುಚ್ಚಿಕೊಂಡ ಕುಂತಿದ್ವಿ ದಾನಿಯೇಲಣ್ಣ" ಎಂದರು. ಅಷ್ಟೇ.

ಈಗ ಅಕ್ಕ ಮನೆಯಲ್ಲಿದ್ದಾಳೆ. ಮುಂಜಾನೆ ಗಾಯ ತೊಳೆಯುವುದು ಶಹನಾಜ, ಸಂಜೆ ನಾನು. ಮಗ್ಗುಲು ಬದಲಿಸುವಾಗ ಅಕ್ಕ ನರಳುತ್ತಾಳೆ, ನಾನು ಬದಲಿಸುತ್ತೇನೆ. ಮನೆ ಮೊದಲಿನಂತೆ ಹೊಳೆಯುವುದಿಲ್ಲ. ಮೂಲೆಯಲ್ಲಿ ಜೇಡ ಬಲೆ ಕಟ್ಟಿದೆ, ಬಂದವರು ನೋಡಿಯೂ ನೋಡದಂತೆ ಇರುತ್ತಾರೆ. ಅಕ್ಕ ಹೇಳುತ್ತಿದ್ದಳಲ್ಲ, ಕೆಲಸ ಮಾಡುವಾಗ ಕರ್ತ ಮನೆಯೊಳಗೆ ಬರುತ್ತಾನೆಂದು ಮಾಡಬೇಕೆಂದು. ನಾನು ಇಷ್ಟು ವರ್ಷ ಅವನನ್ನು ಬಾಗಿಲಲ್ಲಿ ಕಾದೆ. ಅವನು ಬರುವುದಾದರೆ ಜೀಪಿನಲ್ಲಿ ಬರುವುದಿಲ್ಲ. ಬಂದು ಆಗಲೇ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ, ತಾನೇ ನೋಡಿಕೊಳ್ಳಲಾಗದ ಕಡೆ ಅವನಿಗೆ ಗಾಯವಿದೆ, ಅದನ್ನು ನಾನು ನೋಡಿ ಹೇಳಬೇಕು. ನನ್ನಂಥವನಿಗೆ ತಿಳಿದದ್ದು ಇಷ್ಟು. ತಿಳಿದ ಮೇಲೆ ಅಂಜಿಕೆ ಹೋಯಿತೆಂದು ಹೇಳಿದರೆ ಅದೂ ಒಂದು ಸುಳ್ಳಾಗುತ್ತದೆ. ಸಂಜೆ ಪಟ್ಟಿ ಬಿಚ್ಚುವ ಮೊದಲು ಉಸಿರು ಬಿಗಿಹಿಡಿಯುತ್ತೇನೆ. ಕೆಂಪು ಹೆಚ್ಚಿದೆಯೋ, ವಾಸನೆ ಬಂದಿದೆಯೋ, ಅಂಚು ಕಪ್ಪಾಗಿದೆಯೋ.

ನಿನ್ನೆ ಬಿಚ್ಚಿದೆ. ಬಹಳ ಹೊತ್ತು ನೋಡಿದೆ. ಅಂಚಿನಲ್ಲಿ ಹೊಸ ಚರ್ಮ ಬಂದಿತ್ತು, ತೆಳ್ಳಗೆ, ಈರುಳ್ಳಿಯ ಪದರದ ಹಾಗೆ. ಕೆಂಪು ಇಳಿದಿತ್ತು. ಅಕ್ಕ ಗೋಡೆಯ ಕಡೆ ಮುಖ ಮಾಡಿದ್ದವಳು, ಹೆಂಗೈತಿ ಎಂದು ತನ್ನ ಒದ್ದೆ ದನಿಯಲ್ಲಿ ಕೇಳಿದಳು.

"ಕಡಿಮಿ ಆಗೈತಿ ಅಕ್ಕಾ. ಹೊಸಾ ಚರ್ಮ ಬರಾಕತ್ತೈತಿ" ಎಂದೆ. ದನಿಯಲ್ಲಿ ಸಂತೋಷ ಬಂದಿತ್ತು, ತಡೆಯಲಾಗಲಿಲ್ಲ.

ಆಕೆ ಒಂದೊಂದೇ ಅಕ್ಷರ ಕೂಡಿಸಿ, "ಶಹನಾಜನ್ನ ಕರಿ" ಎಂದಳು.

ನಾನು ಹೇಳಿದ್ದು ಈ ಸಲ ನಿಜವಾಗಿತ್ತು. ನಿಜ ಅಕ್ಕಾ ಎನ್ನಲು ಬಾಯಿ ತೆರೆದೆ, ಹೇಳಲಿಲ್ಲ. ಗೋಡೆಯ ಹತ್ತಿರ ಹೋಗಿ ಶಹನಾಜಳನ್ನು ಕೂಗಿದೆ. ತಿರುಗಿ ಬಂದು, ಆಕೆ ಬರುವ ತನಕ ಚಾದರದ ಅಂಚು ಎತ್ತಿ ಹಿಡಿದು ನಿಂತೆ. ನಾನು ಕಂಡದ್ದೇ ಆಕೆಗೂ ಕಾಣಲಿ ಎಂದು.